ಹೊಲಿಗೆ ಬಿಚ್ಚುವವರೆಗಿನ ಮೌನ

ಇದು ಎರಡು ಸಾವಿರದ ಏಳನೆಯ ಇಸವಿಯ ಶ್ರಾವಣದ ಮಾತು. ಆಗ ನಾವು ರೋಣದ ಮನೆಯಲ್ಲಿ ಒಟ್ಟಿಗೇ ಇದ್ದೆವು. ನಾನು, ನನ್ನ ನೆಗೆಣ್ಣಿ ಅಂದರೆ ಮೈದುನನ ಹೆಂಡತಿ ಪಾರವ್ವ, ಆಕೆಯ ಮಗ, ಸೊಸೆ ಶಾಂತಾ, ಅವರ ಮಗಳು ಕಾವೇರಿ. ನನಗೆ ಮಕ್ಕಳಿಲ್ಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಈ ಮನೆಗೆ ಬಂದವಳು ನಾನು. ಔಷಧದ ಡಬ್ಬಿಯ ಮೇಲಿನದನ್ನು ಓದಬೇಕಾದರೆ, ದೊಡ್ಡ ಡಾಕ್ಟರ ಹತ್ತಿರ ಹೋಗಬೇಕಾದರೆ ನನ್ನನ್ನು ಕರೆಯುತ್ತಾರೆ. ಉಳಿದ ಹೊತ್ತಿನಲ್ಲಿ ನನ್ನ ಇಂಗ್ಲಿಷಿನಿಂದ ಯಾರಿಗೂ ತೊಂದರೆಯಿಲ್ಲ, ಉಪಯೋಗವೂ ಇಲ್ಲ.

ಕಾವೇರಿಗೆ ಆಗ ಹದಿನೆಂಟು. ಚಿಕ್ಕಂದಿನಿಂದಲೂ ಆಕೆಯ ಮೇಲಿನ ಹಲ್ಲುಗಳು ಮುಂದೆ ಬಂದಿದ್ದವು. ಎಷ್ಟೆಂದರೆ ತುಟಿಗಳು ಕೂಡುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗಿಯರು ‘ಉಬ್ಬಹಲ್ಲಿನ ಕಾವಿ’ ಎನ್ನುತ್ತಿದ್ದರು. ಗ್ರೂಪ್ ಫೋಟೋಗಳಲ್ಲಿ ಆಕೆ ಯಾರದೋ ಭುಜದ ಹಿಂದೆ ಅರ್ಧ ಕಾಣಿಸುತ್ತಾಳೆ. ಪಿಯುಸಿ ಮುಗಿದ ಮೇಲೆ ಆಕೆ ತಾನಾಗಿಯೇ ಗಜೇಂದ್ರಗಡದ ಹಲ್ಲಿನ ದವಾಖಾನೆಗೆ ಹೋಗಿ ವಿಚಾರಿಸಿ ಬಂದಳು. ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರು ಅಲ್ಲಿಗೆ ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಬರುತ್ತಿದ್ದರು. ಮನೆಯಲ್ಲಿ ಬೇಡವೆಂದರು. ಆಕೆ ಊಟ ಬಿಟ್ಟು ಕೂತಳು. ಅಲ್ಲಿಯವರೆಗೆ ನಾನು ಕಂಡಂತೆ ಆ ಹುಡುಗಿ ಹಟ ಮಾಡಿದ್ದು ಅದೊಂದಕ್ಕೇ.

ಕ್ಲಿಪ್ ಹಾಕಿ ವರ್ಷ ಕಳೆಯುವಷ್ಟರಲ್ಲಿ ಮೇಲಿನ ಹಲ್ಲುಗಳು ಹಿಂದೆ ಸರಿದವು, ತುಟಿ ಕೂಡತೊಡಗಿತು. ಆದರೆ ಕೆಳಗಿನ ಮುಂದಿನ ಹಲ್ಲೊಂದರ ಒಸಡು ಇಳಿಯುತ್ತ ಬಂತು. ಹಲ್ಲಿನ ಬೇರಿನ ಹಳದಿ ಕಾಣಿಸುವಷ್ಟು ಇಳಿಯಿತು. ಕ್ಲಿಪ್ಪಿನ ಡಾಕ್ಟರು ನೋಡಿ ತಂತಿ ಬಿಗಿಯುವುದನ್ನು ನಿಲ್ಲಿಸಿದರು. ಈಕೆಯ ಒಸಡು ಮೊದಲೇ ಬಹಳ ತೆಳು, ಹಲ್ಲು ಸರಿಯುವಾಗ ಅದು ತಡೆದುಕೊಂಡಿಲ್ಲ, ಹೀಗೇ ಬಿಟ್ಟರೆ ಹಲ್ಲು ಅಲುಗಾಡಲು ಸುರುವಾಗುತ್ತದೆ ಎಂದರು. ಅಲ್ಲಿಗೆ ಒಸಡಿನ ಗ್ರಾಫ್ಟಿಂಗ್ ಮಾಡಬೇಕು, ಅದು ಹತ್ತದಿದ್ದರೆ, ಎಂದರೆ ಅಂಟಿ ಬದುಕದಿದ್ದರೆ, ತಂತಿ ತೆಗೆದುಬಿಡುವುದೇ ಒಳ್ಳೆಯದು ಎಂದೂ ಹೇಳಿದರು. ತಂತಿಯನ್ನು ನಡುವಿನಲ್ಲೇ ತೆಗೆದರೆ ಹಲ್ಲುಗಳು ತಮ್ಮ ಹಳೆಯ ಜಾಗಕ್ಕೆ ಹೊರಡುತ್ತವೆ ಎಂಬುದು ಕಾವೇರಿಗೆ ಗೊತ್ತಿತ್ತು. ಗಜೇಂದ್ರಗಡದಿಂದ ರೋಣದವರೆಗೆ ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಒಂದು ಭಾನುವಾರ ಒಸಡಿನ ಡಾಕ್ಟರನ್ನು ಅದೇ ದವಾಖಾನೆಗೆ ಕರೆಸಿದರು. ಕರಾವಳಿ ಕಡೆಯ ಯುವಕ. ಪುಸ್ತಕದಂಥ ಕನ್ನಡ, ನಡುನಡುವೆ ಇಂಗ್ಲಿಷ್. ನಾನು, ಪಾರವ್ವ, ಶಾಂತಾ ಮೂವರೂ ಕಾವೇರಿಯ ಜೊತೆ ಹೋಗಿದ್ದೆವು. ಬಾಯಿಯ ಮೇಲ್ಭಾಗದ ಅಂಗುಳದಿಂದ ತೆಳ್ಳನೆಯ ಒಂದು ತುಂಡು ತೆಗೆದು ಕೆಳಗಿನ ಹಲ್ಲಿನ ಬುಡಕ್ಕೆ ಹೊಲಿಯುತ್ತೇನೆ ಎಂದು ಅವರು ನನಗೆ ಇಂಗ್ಲಿಷಿನಲ್ಲಿ ವಿವರಿಸಿದರು. ನಾನು ಅದನ್ನು ಉಳಿದವರಿಗೆ ಹೇಳಿದೆ.

ಶಾಂತಾ ಕೇಳಿಸಿಕೊಂಡು, “ಆಕಿ ಬಾಯಾಗ ಎರಡು ಕಡೆ ಯಾಕ ಗಾಯ ಮಾಡ್ತೀರ್‍ರಿ? ನನ್ನ ಬಾಯಾಗಿಂದು ತಗೋರಿ. ನಾ ಹಡದಾಕಿ ಅದೇನಿ, ನಂದು ಹತ್ತಲಾರದ ಏನ್ರಿ” ಎಂದಳು.

“ಇಲ್ಲ ಅಮ್ಮ, ಅವಳದೇ ಬೇಕು. ಬೇರೆಯವರದು ಹಿಡಿಯುವುದಿಲ್ಲ” ಎಂದರು ಡಾಕ್ಟರು.

ಶಾಂತಾ ಯಾರಿಗೂ ಅಲ್ಲ ಎನ್ನುವಂತೆ, “ಬ್ಯಾರೇದಾಕಿ ಆದ್ನಲ್ಲ ನಾನು” ಎಂದಳು.

ಪಾರವ್ವನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. “ಅಕ್ಕಾ, ಇದು ಮೆಣಸಿನ ಅಗಿ ಹಚ್ಚಿದಂಗ ಆತಲ್ಲ? ಮಡಿಯಾಗಿಂದು ಕಿತ್ತಿ ಹೊಲದಾಗ ಹಚ್ಚತೇವಲ್ಲ, ಹಂಗ” ಎಂದಳು. ನಾನು ಡಾಕ್ಟರಿಗೆ ಹೇಳಿದೆ. ಅವರಿಗೆ ಬಹಳ ಇಷ್ಟವಾಯಿತು.

“ಎಕ್ಸಾಕ್ಟ್ಲಿ ಅಮ್ಮ. ಸಸಿ ನೆಟ್ಟ ಮೇಲೆ ದಿನಾ ಕಿತ್ತು ಬೇರು ನೋಡುತ್ತೀರಾ?”

“ಯಾ ಹುಚ್ಚರು ನೋಡ್ತಾರ್‍ರಿ.”

“ಹಾಗಾದರೆ ಇವಳ ತುಟಿಯನ್ನು ಎಳೆದು ಯಾರೂ ನೋಡಬಾರದು. ಅವಳೂ ಕನ್ನಡಿಯಲ್ಲಿ ನೋಡಿಕೊಳ್ಳಬಾರದು. ಎರಡು ವಾರ, ಹೊಲಿಗೆ ಬಿಚ್ಚುವವರೆಗೆ. ಮಾತು ಆದಷ್ಟು ಬೇಡ. ತಣ್ಣಗಿನದು, ಮೆತ್ತಗಿನದು ಕೊಡಿ. ರೊಟ್ಟಿ ಬೇಡವೇ ಬೇಡ.”

ಕೆಲಸ ಮುಗಿಸಿ ಹೊರಗೆ ಬಂದಾಗ ಕಾವೇರಿಯ ಕೆಳದುಟಿ ಊದಿತ್ತು. ನಾನು ಇಂಗ್ಲಿಷಿನಲ್ಲಿ “ಬ್ರೇವ್ ಗರ್ಲ್” ಎಂದೆ. ಆಕೆ ತಲೆ ಅಲ್ಲಾಡಿಸಿದಳು. ಅಂದಿನಿಂದ ಆಕೆ ಒಂದು ಮಾತೂ ಆಡಲಿಲ್ಲ. ಆದಷ್ಟು ಬೇಡ ಎಂದಿದ್ದನ್ನು ಆಕೆ ಪೂರ್ತಿ ಬೇಡ ಎಂದೇ ತೆಗೆದುಕೊಂಡಳು. ಏನಾದರೂ ಹೇಳಬೇಕಾದರೆ ಹಳೆಯ ಪಾಟಿಯೊಂದರ ಮೇಲೆ ಬಳಪದಿಂದ ಬರೆದು ತೋರಿಸುತ್ತಿದ್ದಳು.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಒಬ್ಬರಿಗೆ ಜಡ್ಡಾಯಿತೆಂದರೆ ಬಾಳೆಹಣ್ಣು, ಬಿಸ್ಕೀಟು ಹಿಡಿದುಕೊಂಡು ಹೋಗಿ ಮಾತಾಡಿಸಿ ಬರಬೇಕು. ಮಾತಾಡಿಸುವುದೆಂದರೆ ಬರೀ ಮಾತಲ್ಲ, ಗಾಯವನ್ನೂ ನೋಡಬೇಕು. ನಾನು ಗಾಲ್‌ಬ್ಲ್ಯಾಡರ್ ಆಪರೇಷನ್ ಮಾಡಿಸಿಕೊಂಡಾಗ ನನ್ನ ಹೊಟ್ಟೆಯ ಹೊಲಿಗೆಯನ್ನು ಓಣಿಯ ಹೆಂಗಸರೆಲ್ಲ ಸಾಲಾಗಿ ನೋಡಿ ಹೋಗಿದ್ದರು. ವೆರಿ ಎಂಬರಾಸಿಂಗ್. ನೋಡದೆ ಹೋದರೆ ಬಂದವರಿಗೆ ಕಳಕಳಿಯಿಲ್ಲ ಎಂದರ್ಥ, ತೋರಿಸದಿದ್ದರೆ ನಮಗೆ ಸೊಕ್ಕು ಎಂದರ್ಥ. ಅದರ ಮೇಲೆ ನಾಗರಪಂಚಮಿ ಹತ್ತಿರ ಬಂದಿತ್ತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಮನೆಮನೆಗೆ ಉಂಡಿ ಕೊಡಲು ಓಡಾಡುತ್ತಾರೆ.

ಮೊದಲು ಬಂದವಳು ಪಾರವ್ವನ ಮಗಳು ಸಂಗವ್ವ. ಅಸೂಟಿಗೆ ಕೊಟ್ಟ ಹೆಣ್ಣುಮಗಳು, ಕಾವೇರಿಗೆ ಸೋದರತ್ತೆ. ಕಾವೇರಿಯನ್ನು ಎತ್ತಿ ಆಡಿಸಿದವಳು. ಶೇಂಗಾ ಉಂಡಿಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ನೇರವಾಗಿ ಒಳಗೆ ಹೋದಳು. “ಏನ ಮಾಡ್ಯಾರವ್ವ ನಮ್ಮ ಕೂಸಿಗೆ? ತೋರ್ಸು ನೋಡೂಣು” ಎಂದವಳೇ, ನಾವು ಬಾಯಿ ತೆರೆಯುವುದರೊಳಗೆ ಹೆಬ್ಬೆರಳಿನಿಂದ ಕಾವೇರಿಯ ಕೆಳದುಟಿಯನ್ನು ಕೆಳಗೆ ಎಳೆದಳು.

ರಕ್ತ ಬಂತು. ಬಹಳವಲ್ಲ, ಆದರೆ ಹೊಲಿದ ಜಾಗದಿಂದಲೇ ಬಂತು. ನಾನು ದವಾಖಾನೆಗೆ ಫೋನ್ ಮಾಡಿದೆ. ಒದ್ದೆ ಹತ್ತಿಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ, ಸ್ವಲ್ಪದರಲ್ಲಿ ಉಳಿದಿರಬಹುದು, ಇನ್ನೊಮ್ಮೆ ಹೀಗಾದರೆ ಆ ತುಂಡು ಸತ್ತಂತೆಯೇ ಎಂದರು. ಕಾವೇರಿ ಅಳಲಿಲ್ಲ, ಅತ್ತರೆ ತುಟಿ ಎಳೆಯುತ್ತದೆಂದು. ಹತ್ತಿ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಕೂತಳು.

ಪಾರವ್ವ ಮಗಳ ಮೇಲೆ ಹರಿಹಾಯ್ದಳು. “ಎಲ್ಲಾ ಕೈಲೇ ನೋಡಬೇಕೇನ ನಿನಗ? ಕಣ್ಣ ಯಾತಕ್ಕ ಅದಾವ?”

“ನನಗೇನ ಗೊತ್ತ ಯವ್ವಾ? ನಾ ಸೋದರತ್ತಿ. ನಾ ನೋಡದ ಮತ್ಯಾರ ನೋಡಬೇಕು?” ಎಂದು ಸಂಗವ್ವ ತಾನೇ ಅತ್ತಳು.

ಮರುದಿನ ಹಸೀನಾಬಿ ಬಂದಳು. ಪಂಚಮಿಗೆ ಬಳೆ ಇಡಿಸಲು ಪ್ರತಿ ವರ್ಷ ಬುಟ್ಟಿ ಹೊತ್ತು ನಮ್ಮ ಓಣಿಗೆ ಬರುವವಳು. ಬುಟ್ಟಿ ಇಳಿಸಿ, ಮೂಲೆಯಲ್ಲಿ ಕೂತಿದ್ದ ಕಾವೇರಿಯನ್ನು ನೋಡಿ, “ಯಾಕ ಬೇಟಿ, ಮಾರಿ ಹಿಂಗ್ಯಾಕ ಬಾತೈತಿ?” ಎಂದು ಗದ್ದಕ್ಕೆ ಕೈ ಚಾಚಿದಳು. ಕಾವೇರಿ ಹಿಂದೆ ಸರಿದಳು. ಆಗ ಪಾರವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ತಣ್ಣಗೆ ಹೇಳಿದಳು: “ಮುಟ್ಟಬ್ಯಾಡ ಹಸೀನಾಬಿ. ಆಕಿ ಮೌನ ಹಿಡದಾಳ.”

ಹಸೀನಾಬಿಯ ಕೈ ಅಲ್ಲೇ ನಿಂತಿತು. ನಮ್ಮ ಕಡೆ ಶ್ರಾವಣದಲ್ಲಿ ಮೌನ ಹಿಡಿಯುವುದು ಹೊಸದಲ್ಲ. ಮಠದ ಅಯ್ಯನವರು ಹಿಡಿಯುತ್ತಾರೆ, ಕೆಲವು ಮನೆಗಳಲ್ಲಿ ಹಿರಿಯರೂ ಹಿಡಿಯುತ್ತಾರೆ. ಮೌನದಲ್ಲಿ ಇದ್ದವರನ್ನು ಯಾರೂ ಮುಟ್ಟುವುದಿಲ್ಲ, ಮಾತಿಗೆ ಎಳೆಯುವುದಿಲ್ಲ. ಆದರೆ ಹದಿನೆಂಟರ ಹುಡುಗಿ ಹಿಡಿದದ್ದು ಯಾರೂ ಕೇಳಿದ್ದಲ್ಲ.

“ಈ ವಯಸ್ಸಿಗೆ?” ಎಂದಳು ಹಸೀನಾಬಿ. “ಏನ ತಿಂತಾಳ?”

“ಬರೇ ಗಂಜಿ,” ಎಂದಳು ಪಾರವ್ವ. ಅದು ಖರೆಯೇ ಆಗಿತ್ತು.

ಆಕೆ ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಕೇಳಿದೆ. “ಪಾರವ್ವ, ಎಂಥಾ ಸುಳ್ಳ ಹೇಳಿದಿ?”

“ಸುಳ್ಳ ಎಲ್ಲೈತಿ ಅಕ್ಕಾ? ಮಾತಾಡಾಕತ್ತಾಳೇನ ಆಕಿ?”

“ಅದು ಡಾಕ್ಟರು ಹೇಳಿದ್ದಕ್ಕ.”

“ಯಾಕಂತ ಹಸೀನಾಬಿ ಕೇಳಲಿಲ್ಲ, ನಾ ಹೇಳಲಿಲ್ಲ. ಗ್ರಾಫ್ಟು ಗೀಫ್ಟು ಅಂತ ನೀ ಇಂಗ್ಲೀಷಿನ್ಯಾಗ ಹೇಳು, ಮಂದಿ ಕೈ ಹಿಂದಕ್ಕ ತಗೀತಾರೇನ ನೋಡೂಣು.”

ಟು ಬಿ ಫ್ರ್ಯಾಂಕ್, ಉಪಾಯ ಫಲಿಸಿತಲ್ಲ ಎಂದು ನನಗೂ ನಿರಾಳವೇ ಆಯಿತು.

ಆದರೆ ಬಳೆಯ ಬುಟ್ಟಿ ಒಂದೇ ಮನೆಗೆ ಹೋಗುವುದಿಲ್ಲ. ಎರಡು ದಿನಗಳಲ್ಲಿ ಊರೆಲ್ಲ ಸುದ್ದಿಯಾಯಿತು. ಮಾತಾಡಿಸಲು ಬರುವವರು ನಿಂತರು, ದರ್ಶನಕ್ಕೆ ಬರುವವರು ಸುರುವಾದರು. ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ಬಂದು, ಪಡಸಾಲೆಯಲ್ಲಿ ದೂರ ಕೂತು, ಕೈ ಮುಗಿದು ಹೋಗುತ್ತಿದ್ದರು. ಒಬ್ಬಾಕೆ ಕೂಸನ್ನು ತಂದು ಕಾವೇರಿಯ ಕಾಲ ಹತ್ತಿರ ಮಲಗಿಸಿ ಎತ್ತಿಕೊಂಡಳು. ಕಾವೇರಿಗೆ ಎದ್ದು ಹೋಗಲೂ ಆಗದು, ಕೂತಿರಲೂ ಆಗದು. ಪಾಟಿಯ ಮೇಲೆ ನನಗೆ ಬರೆದು ತೋರಿಸಿದಳು: ‘ಆಯಿ, ನೀವು ನನ್ನ ಮಾರಿ ನೋಡಬ್ಯಾಡ್ರಿ. ನಗಿ ಬಂದ್ರ ಹೊಲಿಗಿ ಜಗ್ಗತಾವ.’ ಮನೆಯ ಮಕ್ಕಳು ನನ್ನನ್ನು ಆಯಿ ಎನ್ನುತ್ತಾರೆ.

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು ವರ್ಷಕ್ಕೊಮ್ಮೆ ರಿಟ್ರೀಟ್ ಎಂದು ಕೆಲವು ದಿನ ಮಾತು ಬಿಡುತ್ತಿದ್ದರು. ಆಗ ನಾವು ಹುಡುಗಿಯರು ಅವರನ್ನು ನಗಿಸಲು ಏನೆಲ್ಲ ಮಾಡುತ್ತಿದ್ದೆವು. ಇಲ್ಲಿ ಯಾರೂ ಕಾವೇರಿಯನ್ನು ನಗಿಸಲು ನೋಡಲಿಲ್ಲ. ಒಂದು ಕಾಲಕ್ಕೆ ಉಬ್ಬಹಲ್ಲಿ ಎಂದವರೇ ಆಕೆಯ ಮುಖವನ್ನು ನೋಡಿ, “ಮಾರಿ ಮ್ಯಾಲ ಕಳಾ ಹ್ಯಾಂಗ ಬಂದೈತಿ ನೋಡ್ರಿ. ಮೌನದ ಶಕ್ತಿ” ಎಂದುಕೊಂಡರು. ಬಾಯಿ ಮುಚ್ಚಿದ ಕಾವೇರಿಯನ್ನು ಅವರು ಮೊದಲ ಸಲ ನೋಡುತ್ತಿದ್ದರು. ಅದು ಕ್ಲಿಪ್ಪಿನ ತಂತಿಯ ಶಕ್ತಿ ಎಂದು ಹೇಳುವ ಹಾಗಿರಲಿಲ್ಲ.

ಸಂಗವ್ವ ಮೊದಲು ತಾಯಿಯನ್ನು ಚೆನ್ನಾಗಿ ಕಾಡಿದಳು. “ಯವ್ವಾ, ನಾಳೆ ಪಲ್ಲಕ್ಕಿ ತರಸ್ತಿಯೇನ? ಹೇಳು, ಅಸೂಟಿಯಿಂದ ನಾಕ ಮಂದಿ ಹೊರಾಕ ಕಳಸ್ತೇನಿ.” ಆದರೆ ತಾನು ಮಾಡಿದ್ದು ಆಕೆಯನ್ನು ಒಳಗೇ ಕೊರೆಯುತ್ತಿತ್ತು ಎಂದು ಕಾಣುತ್ತದೆ. ಮೂರನೆಯ ದಿನ ತಾನೇ ಬಾಗಿಲ ಹತ್ತಿರ ಕೂತಳು. “ದೂರ, ದೂರ ಕುಂದ್ರಿ. ಮುಟ್ಟೂದಿಲ್ಲ. ಕೈ ಮುಗದು ನಡೀರಿ” ಎಂದು ಬಂದವರನ್ನೆಲ್ಲ ಸಾಲು ಹಿಡಿಸಿದಳು. ಅಷ್ಟು ಕಟ್ಟುನಿಟ್ಟನ್ನು ನಾನು ಮಠದಲ್ಲೂ ನೋಡಿಲ್ಲ. ಹೀಗೆ ಪಂಚಮಿ ಕಳೆಯಿತು. ಒಸಡನ್ನು ಯಾರೂ ಮುಟ್ಟಲಿಲ್ಲ.

ಹೊಲಿಗೆ ಬಿಚ್ಚಲು ಇನ್ನು ಸ್ವಲ್ಪ ದಿನ ಇದೆ ಎನ್ನುವಾಗ ಚಿಕ್ಕನರಗುಂದದಿಂದ ಲಕ್ಷ್ಮವ್ವ ಎಂಬ ಹೆಂಗಸು ಬಂದಳು. ಹಸೀನಾಬಿಯ ತವರು ನರಗುಂದ, ಸುದ್ದಿ ಅಲ್ಲಿಗೂ ಹೋಗಿತ್ತು. ಲಕ್ಷ್ಮವ್ವನ ಕಂಕುಳಲ್ಲಿ ನಾಲ್ಕು ವರ್ಷದ ಹೆಣ್ಣುಮಗು, ಹೆಸರು ರತ್ನಿ. ಆಗ ಪಡಸಾಲೆಯಲ್ಲಿ ಓಣಿಯ ಇಬ್ಬರು ಹೆಂಗಸರೂ ಇದ್ದರು.

ಲಕ್ಷ್ಮವ್ವ ಕೈ ಮುಗಿದಳು, ಆದರೆ ಉಳಿದವರಂತೆ ಎದ್ದು ಹೋಗಲಿಲ್ಲ. ಮಗುವನ್ನು ಮುಂದೆ ಕೂರಿಸಿಕೊಂಡು ಹೇಳಿದಳು: “ತಾಯಿ, ಇದು ಮಾತಾಡೂದಿಲ್ಲ. ಅವ್ವಾ ಅಂದಿಲ್ಲ ಇನ್ನಾ. ನೀ ಮೌನ ಬಿಡೂ ದಿನ ಮೊದಲ ಮಾತ ಈಕಿಗೆ ಆಡು. ಇಷ್ಟ ದಿನ ಒಳಗ ಹಿಡದಿದ್ದ ಮಾತು ಅದು, ಗಟ್ಟಿ ಇರತೈತಿ. ಈಕಿಗೆ ಹತ್ತತೈತಿ ಅಂತ ನನ್ನ ಜೀವ ಹೇಳತೈತಿ.”

ನಾನು ಪಾರವ್ವನನ್ನು ನೋಡಿದೆ, ಪಾರವ್ವ ನೆಲ ನೋಡಿದಳು. ಅಲ್ಲಿಯವರೆಗೆ ಬಂದವರೆಲ್ಲ ಸುಮ್ಮನೆ ಪುಣ್ಯ ಕೇಳಿಕೊಂಡು ಹೋದವರು, ಈಕೆ ಕೇಳುತ್ತಿದ್ದುದು ಬೇರೆ. ನಾನು ಏನಾದರೂ ಹೇಳಬೇಕೆಂದು, “ನೋಡವ್ವಾ, ಇದು...” ಎಂದು ಸುರುಮಾಡಿದೆ. ಅಷ್ಟರಲ್ಲಿ ಕಾವೇರಿ ಎದ್ದಳು. ಕಿಟಕಿಯ ಬೆಳಕಿಗೆ ಬಂದು, ಲಕ್ಷ್ಮವ್ವನ ಎದುರಿಗೆ ಕೂತು, ತನ್ನ ಬೆರಳಿನಿಂದಲೇ ಕೆಳದುಟಿಯನ್ನು ಮೆಲ್ಲಗೆ ಕೆಳಗೆ ಎಳೆದು ತೋರಿಸಿದಳು.

“ಏ ಬ್ಯಾಡ, ಬಿಡು” ಎಂದು ಸಂಗವ್ವ ಬಾಗಿಲಿಂದ ಎದ್ದು ಓಡಿ ಬಂದಳು. ಕಾವೇರಿ ಬಿಡಲಿಲ್ಲ. ಹಲ್ಲಿನ ಮೇಲಿನ ತಂತಿ, ಕೆಳಗೆ ಊದಿದ ಒಸಡು, ಅದರ ಮೇಲೆ ಕಪ್ಪು ದಾರದ ಹೊಲಿಗೆಗಳು. ನಾನೂ ಅವನ್ನು ನೋಡಿದ್ದು ಆಗಲೇ.

“ಇದೇನ್ರಿ, ಕರೇ ದಾರ?” ಎಂದಳು ಲಕ್ಷ್ಮವ್ವ.

ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. ಹಲ್ಲಿನ ಕ್ಲಿಪ್ಪು, ಇಳಿದ ಒಸಡು, ಅಂಗುಳದ ತುಂಡು ಎಲ್ಲವನ್ನೂ ಹೇಳಿದೆ. “ಆಕಿ ದೇವರಿಗಂತ ಮೌನ ಹಿಡದಿಲ್ಲವ್ವ, ಡಾಕ್ಟರ್ ಹೇಳ್ಯಾರಂತ ಹಿಡದಾಳ” ಎಂದೆ. ಓಣಿಯ ಹೆಂಗಸರಲ್ಲಿ ಒಬ್ಬಾಕೆ ತಾನು ತಂದಿದ್ದ ತೆಂಗಿನಕಾಯಿಯನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡಳು. ಇಬ್ಬರೂ ಎದ್ದು ಹೋದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ನನಗೆ ತಿಳಿಯಿತು.

ಲಕ್ಷ್ಮವ್ವ ಏಳಲಿಲ್ಲ. ಆಕೆಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ. ಆಕೆ ಕಾವೇರಿಯನ್ನು ನೋಡುತ್ತ, “ನೋವಾಗತೈತೇನವ್ವಾ?” ಎಂದಳು. ಕಾವೇರಿ ಸ್ವಲ್ಪ ಎನ್ನುವಂತೆ ಬೆರಳು ತೋರಿಸಿದಳು.

“ಮತ್ತ ಯಾತಕ್ಕರ ಹಿಡದಿರಲಿ,” ಎಂದಳು ಲಕ್ಷ್ಮವ್ವ. “ಇಷ್ಟ ದಿನ ಬಾಯಿ ಬಿಟ್ಟಿಲ್ಲ, ಅದು ಖರೇ ಐತಲ್ಲ? ಬಿಟ್ಟ ಮ್ಯಾಲ ಮೊದಲ ಮಾತ ಯಾರಿಗರ ಆಡಾಕ ಬೇಕಲ್ಲ. ನಮ್ಮ ಹುಡುಗಿಗೆ ಆಡಿದ್ರ ನಿಂದೇನ ಹೋತು?”

ನಾನು ಓದಿದವಳ ಮಾತು ಹೇಳಿದೆ. ಮಗುವಿನ ಕಿವಿ ತೋರಿಸಿದ್ದೀರಾ, ಎಷ್ಟೋ ಸಲ ಕಿವಿ ಕೇಳದಿದ್ದರೆ ಮಾತು ಬರುವುದಿಲ್ಲ ಎಂದೆ.

“ಹುಬ್ಬಳ್ಳಿ ಮಟಾ ಹೋಗಿ ಬಂದೇವ್ರಿ ಅಮ್ಮಾರ. ಕಿವಿ ಚಲೋ ಅದಾವಂತ. ಮಾತ ಒಳಗ ಅದಾವು, ಹೊರಗ ಬರವಲ್ಲವು” ಎಂದಳು. ಮಗು ಅಷ್ಟೂ ಹೊತ್ತು ಕಾವೇರಿಯ ತುಟಿಯನ್ನೇ ನೋಡುತ್ತಿತ್ತು, ತಂತಿ ಮತ್ತೆ ಯಾವಾಗ ಕಾಣಿಸುತ್ತದೆ ಎನ್ನುವಂತೆ.

ಮರುದಿನದಿಂದ ನಮ್ಮ ಮನೆಗೆ ಯಾರೂ ಬರಲಿಲ್ಲ. ದರ್ಶನಕ್ಕೂ ಇಲ್ಲ, ಮಾತಾಡಿಸಲೂ ಇಲ್ಲ. ಪಾರವ್ವನಿಗೆ ಅವಮಾನವಾಗಿತ್ತು. “ನಾ ಇನ್ನ ನೀರಿನ ನಳದ ಕಡೆ ಹ್ಯಾಂಗ ಹೋಗಬೇಕು?” ಎಂದಳು. “ನೀನೂ ಮೌನ ಹಿಡೀಯವ್ವ” ಎಂದು ಸಂಗವ್ವ ನಕ್ಕು, ಅಸೂಟಿಗೆ ಹೊರಟಳು. ಹೊರಡುವಾಗ ಕಾವೇರಿಯ ತಲೆ ಸವರಿದಳು, ಮುಖದ ಹತ್ತಿರ ಕೈ ತರಲಿಲ್ಲ. ನನಗೆ ಮಾತ್ರ ಒಂದೇ ಚಿಂತೆ. ಆ ತುಂಡನ್ನು ಎರಡು ಸಲ ಎಳೆದಾಗಿತ್ತು, ಎರಡನೆಯ ಸಲ ಹುಡುಗಿ ತಾನೇ ಎಳೆದುಕೊಂಡಿದ್ದಳು. ಅದು ಬದುಕಿದೆಯೋ ಇಲ್ಲವೋ ಹೇಳುವವರಿರಲಿಲ್ಲ.

ಹೊಲಿಗೆ ಬಿಚ್ಚುವ ದಿನ ನಾನು, ಶಾಂತಾ, ಕಾವೇರಿ ಗಜೇಂದ್ರಗಡಕ್ಕೆ ಹೋದೆವು. ಒಸಡಿನ ಡಾಕ್ಟರು ದೀಪ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಒಂದೊಂದಾಗಿ ದಾರ ತೆಗೆದರು. ಕಾವೇರಿಯ ಕೈ ಕುರ್ಚಿಯ ಹಿಡಿಯನ್ನು ಬಿಡಲಿಲ್ಲ.

“ಒಂದು ಅಂಚು ಹಿಡಿದಿಲ್ಲ,” ಎಂದರು ಡಾಕ್ಟರು ನನಗೆ ಇಂಗ್ಲಿಷಿನಲ್ಲಿ. “ಯಾರೋ ಎಳೆದಿದ್ದಾರೆ.”

“ಇಬ್ಬರು,” ಎಂದೆ.

ಅವರು ಇನ್ನೊಮ್ಮೆ ದೀಪ ಹಿಡಿದು ನೋಡಿದರು. “ಉಳಿದದ್ದು ಹಿಡಿದಿದೆ. ಬೇರು ಮುಚ್ಚಿದೆ, ಬಣ್ಣ ಚೆನ್ನಾಗಿದೆ. ಸಾಕು. ಪೂರ್ತಿ ಮಾಗಿದ ಮೇಲೆ ತಂತಿ ಮುಂದುವರಿಸಬಹುದು.” ಆಮೇಲೆ ಕಾವೇರಿಗೆ, “ಇನ್ನು ಮಾತಾಡು. ಏನಾದರೂ ಹೇಳು ನೋಡೋಣ” ಎಂದರು.

ಕಾವೇರಿ ಕಣ್ಣು ಒರೆಸಿಕೊಂಡಳು, ಕೈ ಮುಗಿದಳು. ಮಾತಾಡಲಿಲ್ಲ.

ಹೊರಗೆ ಬಂದ ಮೇಲೆ ಶಾಂತಾ, “ಏನರ ಅನ್ನು ಕಾವೇರಿ. ಧ್ವನಿ ಕೇಳಿ ಎಷ್ಟ ದಿನಾತು” ಎಂದಳು. ಕಾವೇರಿ ಚೀಲದಿಂದ ಪಾಟಿ ತೆಗೆದು ಒಂದೇ ಶಬ್ದ ಬರೆದು ತೋರಿಸಿದಳು. ಚಿಕ್ಕನರಗುಂದ.

“ಹುಚ್ಚ ಹಿಡದೈತೇನ ನಿನಗ? ಗಂಜಿ ಕಾಸಿ ಕಾಸಿ ಹಾಕಿದಾಕಿ ನಾನು. ನನ್ನ ಕೂಡ ಒಂದ ಮಾತಾಡಿ ಆಮ್ಯಾಲ ಎಲ್ಲಿಗ್ಯರ ಹೋಗು” ಎಂದಳು ಶಾಂತಾ. ಕಾವೇರಿ ತಾಯಿಯ ಕೈ ಹಿಡಿದುಕೊಂಡು ನಿಂತಳು, ಅಷ್ಟೆ. ಬಸ್‌ಸ್ಟ್ಯಾಂಡಿನ ಕಡೆಗೆ ನಾವು ಮೂವರೂ ನಡೆದೆವು. ಕೊನೆಗೆ ಶಾಂತಾ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿ, “ದೊಡ್ಡತ್ತಿ, ರೋಣದಿಂದ ನರಗುಂದದ ಬಸ್ಸ ಯಾವಾಗ ಐತಿ ಕೇಳ್ರಿ. ಈಕಿ ಹಟಾ ಬಿಡಾಕಿ ಅಲ್ಲ” ಎಂದಳು.

ರೋಣದಲ್ಲಿ ಬಸ್ಸು ಬದಲಾಯಿಸಿದೆವು, ನರಗುಂದದಿಂದ ಟಂಟಂ ಆಟೋ ಹಿಡಿದೆವು. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಕೇಳಿದಾಗ ಕಾವೇರಿ ನನ್ನ ಕಡೆ ಬೆರಳು ತೋರಿಸಿದಳು. “ಮಾತ ಬರೂದಿಲ್ಲೇನ್ರಿ ಪಾಪ” ಎಂದ ಆತ. ಶಾಂತಾ ಬೇರೆ ಕಡೆ ನೋಡಿದಳು.

ಲಕ್ಷ್ಮವ್ವನ ಮನೆ ಸಿಗುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಆಕೆ ಹೆಸರಿನ ಕಾಯಿ ಬಡಿಯುತ್ತಿದ್ದಳು. ನಮ್ಮನ್ನು ಕಂಡು ಎದ್ದು, “ಬಂದ್ರ್ಯಾ” ಎಂದಳು, ನಾವು ಬರುವುದು ಗೊತ್ತಿದ್ದವರ ಹಾಗೆ. ರತ್ನಿ ಹೊಟ್ಟಿನಲ್ಲಿ ಕೂತು ಆಡುತ್ತಿತ್ತು.

ಕಾವೇರಿ ಹೋಗಿ ಮಗುವಿನ ಎದುರು ಕುಕ್ಕರುಗಾಲಿನಲ್ಲಿ ಕೂತಳು. ಮಗು ತಲೆಯೆತ್ತಿತು. ಕಾವೇರಿ ಒಂದೆರಡು ಸಲ ಬಾಯಿ ತೆರೆದು ಮುಚ್ಚಿದಳು. ಏನು ಹೇಳಬೇಕೆಂದು ಆಕೆ ದಾರಿಯುದ್ದಕ್ಕೂ ಯೋಚಿಸಿರಬೇಕು, ಆ ಹೊತ್ತಿಗೆ ಅದೆಲ್ಲ ಎಲ್ಲಿಗೆ ಹೋಯಿತೋ. ಎರಡು ವಾರ ಬಳಸದ ಧ್ವನಿ ಒಡಕಾಗಿ ಬಂತು.

“ಉಂಡಿಯೇನ?” ಎಂದಳು.

ಮಗು ಆಕೆಯ ಬಾಯಿಯನ್ನು ನೋಡಿತು. ಆಮೇಲೆ ನಿಧಾನವಾಗಿ, ಇಲ್ಲ ಎಂದು ತಲೆ ಅಲ್ಲಾಡಿಸಿತು.

“ಈಗರ ಎರಡ ಸಲ ಉಂಡಾಳ. ಮಂದಿ ಕಂಡ್ರ ಹಿಂಗ ಸುಳ್ಳ ಹೇಳತಾಳ” ಎಂದಳು ಲಕ್ಷ್ಮವ್ವ. ನಮಗೆಲ್ಲ ನಗು ಬಂತು. ಮಗು ಮಾತಾಡಲಿಲ್ಲ. ಮಾತಾಡುತ್ತದೆಂದು ಯಾರೂ ಕಾಯುತ್ತಲೂ ಇರಲಿಲ್ಲ ಎನಿಸಿತು ನನಗೆ. ಲಕ್ಷ್ಮವ್ವ ನಮಗೆ ಬಿಸಿ ರೊಟ್ಟಿ ಬಡಿದಳು, ಕಾವೇರಿಯ ರೊಟ್ಟಿಯನ್ನು ತಾನೇ ಹಾಲಿನಲ್ಲಿ ಕಿವುಚಿ ಮೆತ್ತಗೆ ಮಾಡಿಕೊಟ್ಟಳು. ನಾವು ಹೊರಟಾಗ ಕಾವೇರಿಯ ಗಲ್ಲವನ್ನು ಮುಟ್ಟಲು ಹೋಗಿ, ನೆನಪಾಗಿ, ಕೈ ಹಿಂದೆ ತೆಗೆದಳು.

ಹಿಂದಿರುಗುವಾಗ ಕಾವೇರಿ ತಾಯಿಯ ಪಕ್ಕದಲ್ಲಿ ಕೂತು ರೋಣ ಬರುವವರೆಗೂ ಮಾತಾಡಿದಳು. ಏನೇನೋ, ಎರಡು ವಾರದ ಬಾಕಿಯೆಲ್ಲ. ನಡುವೆ ನಾನು ಕೇಳಿದೆ, ಅಷ್ಟು ದೂರ ಯಾಕೆ ಬಂದೆ, ನಿನಗೆ ಅದರಲ್ಲಿ ನಂಬಿಕೆ ಇದೆಯೇ ಎಂದು.

“ಇಲ್ಲ ಆಯಿ,” ಎಂದಳು. “ಆದ್ರ ಖರೇ ಗೊತ್ತಾದ ಮ್ಯಾಲೂ ಆಕಿ ಕೇಳಿದ್ಲಲ್ಲ.”

ತಂತಿಯ ಕೆಲಸ ಮುಗಿದ ಮೇಲೆ ಕ್ಲಿಪ್ಪು ತೆಗೆದರು, ಕೆಳಗಿನ ಹಲ್ಲು ಗಟ್ಟಿಯಾಗಿಯೇ ಉಳಿಯಿತು. ರತ್ನಿ ಮುಂದೆ ಮಾತಾಡಿತೋ ಇಲ್ಲವೋ ನನಗೆ ಸರಿಯಾಗಿ ಗೊತ್ತಾಗಲಿಲ್ಲ. ಹಸೀನಾಬಿ ಒಂದು ಪಂಚಮಿಗೆ ಬಂದಾಗ ಆಡುತ್ತಾಳೆ ಎಂದಳು, ಮುಂದಿನ ಪಂಚಮಿಗೆ ಕೇಳಿದರೆ ಇಲ್ಲ ಎಂದಳು.

ನನ್ನಲ್ಲಿ ಮಾತ್ರ ಆ ಶ್ರಾವಣದಿಂದ ಒಂದು ಅಭ್ಯಾಸ ಉಳಿದಿದೆ. ಬೆಳಿಗ್ಗೆ ಎದ್ದ ಮೇಲೆ, ಇವತ್ತಿನ ಮೊದಲ ಮಾತು ಯಾರಿಗೆ ಹೋಗುತ್ತದೆ ಎಂದು ಒಂದು ಕ್ಷಣ ನೋಡುತ್ತೇನೆ. ಹೆಚ್ಚಾಗಿ ಅದು ಹಾಲಿನವನಿಗೆ ಹೋಗುತ್ತದೆ, ಅದೂ ನೀರು ಹೆಚ್ಚಾಗಿದೆ ಎಂಬ ಜಗಳಕ್ಕೆ. ಸೋ ಬಿ ಇಟ್. ಒಂದೊಂದು ದಿನ ಬಾಗಿಲು ತೆರೆದು ಆತನನ್ನು ಕಂಡಾಗ ಜಗಳ ಬಾಯಿಯವರೆಗೆ ಬಂದು ನಿಲ್ಲುತ್ತದೆ. ಆಗ ಚಹಾ ಆಯಿತೇನಪ್ಪ ಎಂದು ಕೇಳುತ್ತೇನೆ. ಆತ ಗಾಬರಿಯಾಗಿ ಅರ್ಧ ಕಪ್ಪು ಹಾಲು ಹೆಚ್ಚಿಗೆ ಹಾಕುತ್ತಾನೆ.